ಹನ್ನೆರಡನೆಯ ಹೆಸರು

ಆರ್ಡಿಸ್ ಕೋಲ್ವಿಗ್ ನಮ್ಮ ರಾಜ್ಯದ ಸೆನೆಟ್‌ನಲ್ಲಿ ಇಪ್ಪತ್ತಾರು ವರ್ಷ ಹೆಸರು ಕೂಗಿದಳು. ಅವಳ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು, ವೆಲ್ಡಾ ಪ್ರೂಟ್. ಅವಳು ಕಾರ್ಯದರ್ಶಿ, ನಾನು ಸಹಾಯಕಿ. ಮತ ಹಾಕುವಾಗ ಮೂವತ್ತೈದು ಜನ ಸೆನೆಟರುಗಳ ಹೆಸರನ್ನು ಒಂದೊಂದಾಗಿ ಕೂಗುವುದು ಅವಳ ಕೆಲಸ. ಅವರು ‘ಹೌದು’ ಅಂದರೋ ‘ಇಲ್ಲ’ ಅಂದರೋ ಎಂದು ಗೀಟು ಹಾಕುವುದು, ಫೋನು ಎತ್ತುವುದು, ನಡಾವಳಿ ಬರೆಯುವುದು ನನ್ನ ಕೆಲಸ. ನನ್ನ ಜೀವನದಲ್ಲಿ ಗಂಡನ ಪಕ್ಕದಲ್ಲಿ ಕೂತದ್ದಕ್ಕಿಂತ ಹೆಚ್ಚು ಹೊತ್ತು ಆರ್ಡಿಸ್ ಪಕ್ಕದಲ್ಲಿ ಕೂತಿದ್ದೇನೆ. ಇಬ್ಬರಲ್ಲಿ ಯಾರು ಹೆಚ್ಚು ತಲೆ ತಿಂದರು ಎಂದು ಕೇಳಿದರೆ ಥಟ್ಟನೆ ಹೇಳಲಾರೆ.

ಇಬ್ಬರದೂ ಎಲ್ಡ್ರಿಜ್ ಊರು. ಕಣಿವೆಯ ಆಚೆ, ರಾಜಧಾನಿಯಿಂದ ತೊಂಬತ್ತು ಮೈಲಿ. ಆರ್ಡಿಸ್ ಗೋಧಿ ಬೆಳೆಯುವವರ ಮಗಳು. ಒಂದೇ ಕೋಣೆಯ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಹೇಳಿ, ಒಂದು ಅಧಿವೇಶನದ ಮಟ್ಟಿಗೆ ಟೈಪಿಸ್ಟ್ ಆಗಿ ಬಂದವಳು ಹಿಂದಿರುಗಿ ಹೋಗಲೇ ಇಲ್ಲ. ದೊಡ್ಡ ಗಂಟಲೇನಲ್ಲ ಅವಳದು. ಆದರೆ ಮೂವತ್ತೈದು ಹೆಸರನ್ನೂ ಒಂದೇ ಎತ್ತರದಲ್ಲಿ, ಒಂದೇ ಅಳತೆಯಲ್ಲಿ ಕೂಗುತ್ತಿದ್ದಳು. ಬೇಕಾದವನ ಹೆಸರಿಗೆ ಮಮಕಾರವಿಲ್ಲ, ಬೇಡದವನ ಹೆಸರಿಗೆ ಮುನಿಸಿಲ್ಲ. ಅಧಿವೇಶನ ನಡೆಯುವ ತೊಂಬತ್ತು ದಿನ ಯಾವ ಸೆನೆಟರನ ಕೈಯಿಂದಲೂ ಒಂದು ಸೇಬು ಕೂಡ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಅವಳ ಪಾಲಿನ ಸೇಬನ್ನೂ ತಿನ್ನುತ್ತಿದ್ದೆ. ಊರಿನವರು ಯಾವುದಾದರೂ ಮಸೂದೆಯ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ಕೆಣಕಿದರೆ, "ಅಭಿಪ್ರಾಯಕ್ಕೆ ನಂಗೆ ಸಂಬಳ ಕೊಡಲ್ಲ" ಎಂದು ಮಾತು ಮುಗಿಸುತ್ತಿದ್ದಳು.

ಆದರೆ ಒಂದು ವಿಷಯದಲ್ಲಿ ಅವಳ ಅಭಿಪ್ರಾಯ ಇಡೀ ಊರಿಗೇ ಗೊತ್ತಿತ್ತು. ಅವಳ ಮಗ ಡೇಲ್ ಹುಟ್ಟಿದ್ದು ಹಿಮ ಬೀಳುವಾಗ ಕಣಿವೆಯ ದಾರಿಯಲ್ಲಿ, ಪಿಕಪ್ ಗಾಡಿಯ ಸೀಟಿನ ಮೇಲೆ. ಆಗ ಎಲ್ಡ್ರಿಜ್‌ನಲ್ಲಿ ಹೆರಿಗೆ ವಾರ್ಡ್ ಇರಲಿಲ್ಲ. ಆಮೇಲೆ ಆರು ವರ್ಷ, ಅಧಿವೇಶನ ಇಲ್ಲದ ತಿಂಗಳುಗಳಲ್ಲಿ, ಅವಳು ಮನೆ ಮನೆ ತಿರುಗಿ, ಚರ್ಚಿನ ನೆಲಮಾಳಿಗೆಯಲ್ಲಿ ತಾನೇ ಬೇಯಿಸಿದ ಹಣ್ಣಿನ ಪೈ ಮಾರಿ, ಗಂಡಸರ ಮುಂದೆ ನಾಚಿಕೆ ಬಿಟ್ಟು ಮಾತಾಡಿ, ನಮ್ಮ ಆಸ್ಪತ್ರೆಗೆ ನಾಲ್ಕು ಹಾಸಿಗೆಯ ವಾರ್ಡ್ ಕಟ್ಟಿಸಿದಳು. ನನ್ನ ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಹುಟ್ಟಿದವರು.

ಆ ವಾರ್ಡನ್ನು ಮುಚ್ಚುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ ವರ್ಷ ಸಾವಿರದ ಒಂಬೈನೂರ ಎಂಬತ್ತಾರು. ದೂರದ ಊರುಗಳ ಹೆರಿಗೆ ವಾರ್ಡ್‌ಗಳಿಗೆ ಸರ್ಕಾರ ಕೈಹಿಡಿಯಬೇಕು ಎನ್ನುವ ಮಸೂದೆ ತಂದವರು ನಮ್ಮ ಸೆನೆಟರ್ ಲೈಲ್ ಹಾಫ್ನರ್. ಎಲ್ಡ್ರಿಜ್‌ನ ಔಷಧಿ ಅಂಗಡಿ ಅವರದೇ. ಊರಿನ ಅರ್ಧ ಜನರ ಗುಟ್ಟು ಅವರಿಗೆ ಗೊತ್ತಿತ್ತು, ಒಂದನ್ನೂ ಬಾಯಿಬಿಟ್ಟವರಲ್ಲ. ಮಸೂದೆಯ ಪರ ಹದಿನೆಂಟು ಜನ, ವಿರುದ್ಧ ಹದಿನೇಳು. ಎಣಿಸಿ ಎಣಿಸಿ ನನ್ನ ಪೆನ್ಸಿಲ್ ಸವೆದಿತ್ತು. ಅಷ್ಟರಲ್ಲಿ ಲೈಲ್‌ರ ಹೃದಯ ಕೈಕೊಟ್ಟಿತು. ಫೆಬ್ರವರಿ ಕೊನೆಗೆ ಅವರನ್ನು ಎಲ್ಡ್ರಿಜ್ ಆಸ್ಪತ್ರೆಯಲ್ಲಿ ಮಲಗಿಸಿದರು.

ಒಬ್ಬ ಹೋದರೆ ಹದಿನೇಳಕ್ಕೆ ಹದಿನೇಳು. ಸಮ ಬಂದರೆ ಮಸೂದೆ ಬಿದ್ದಹಾಗೆ. ಇಂಥ ಹೊತ್ತಿಗೆಂದೇ ನಮ್ಮಲ್ಲಿ ‘ಜೋಡಿ ಕಟ್ಟುವುದು’ ಎಂಬ ಪದ್ಧತಿ ಇತ್ತು. ಹಾಸಿಗೆ ಹಿಡಿದವನ ಎದುರು ಪಕ್ಷದಿಂದ ಒಬ್ಬ ಮುಂದೆ ಬಂದು, ‘ನೀನು ಬರಲಾರೆ, ಆದ್ದರಿಂದ ನಾನೂ ಮತ ಹಾಕುವುದಿಲ್ಲ’ ಎಂದು ಮಾತು ಕೊಟ್ಟು ಚೀಟಿಗೆ ಸಹಿ ಹಾಕಬೇಕು. ಆ ಚೀಟಿ ಕಾರ್ಯದರ್ಶಿಯ ಡ್ರಾಯರಿನಲ್ಲಿ ಇರುತ್ತದೆ. ಲೈಲ್‌ಗೆ ಹಾಗೆ ಮಾತು ಕೊಟ್ಟವರು ರಾಯ್ಸ್ ಟಿಂಡಲ್, ಉತ್ತರದ ಕಡೆಯ ದನ ಸಾಕುವವರು, ಈ ಮಸೂದೆಯನ್ನು ಕಂಡರಾಗದವರು. ಸೋಮವಾರ ತೊಂಬತ್ತು ಮೈಲಿ ಗಾಡಿ ಓಡಿಸಿಕೊಂಡು ಹೋಗಿ ಲೈಲ್‌ರ ಊಟದ ತಟ್ಟೆಯ ಮೇಲೆ ಚೀಟಿ ಇಟ್ಟು ಸಹಿ ಹಾಕಿ ಬಂದರಂತೆ. "ನಿನ್ನ ಬಾಯಿ ಮುಚ್ಚಿಸೋಕೆ ನಾನು ಮೂಗಿಗೆ ಕೊಳವೆ ಹಾಕಿಸ್ಕೋಬೇಕಾಯ್ತು ನೋಡು ರಾಯ್ಸ್" ಎಂದು ಲೈಲ್ ಛೇಡಿಸಿದರಂತೆ. ಹದಿನೇಳಕ್ಕೆ ಹದಿನಾರು. ಮಸೂದೆ ಬದುಕಿತು ಎಂದುಕೊಂಡೆವು.

ಗುರುವಾರ ಗಡುವಿನ ದಿನ. ಸಂಜೆ ಐದರೊಳಗೆ ಸೆನೆಟ್‌ನಲ್ಲಿ ಗೆಲ್ಲದ ಮಸೂದೆ ಆ ವರ್ಷಕ್ಕೆ ಸತ್ತಂತೆ. ಆವತ್ತು ಬೆಳಗ್ಗೆ ಪಾದ್ರಿ ಪ್ರಾರ್ಥನೆ ಮುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಗ್ಯಾಲರಿಯಲ್ಲಿ ಕೂತ ನಾಲ್ಕನೇ ತರಗತಿ ಮಕ್ಕಳನ್ನು ಪರಿಚಯಿಸಿ, ಚಪ್ಪಾಳೆ ತಟ್ಟಿ, ಬಾಸ್ಕೆಟ್‌ಬಾಲ್ ಗೆದ್ದ ಹುಡುಗಿಯರಿಗೆ ಅಭಿನಂದನೆ ಓದಿದ್ದಾಯಿತು. ರಾಜ್ಯದ ಅಧಿಕೃತ ಮೀನು ಯಾವುದಾಗಬೇಕು ಎಂದು ಒಂದು ಗಂಟೆ ಹತ್ತು ನಿಮಿಷ ಚರ್ಚೆ ನಡೆಯಿತು. ಬೆಳೆದ ಗಂಡಸರು ಎದ್ದು ನಿಂತು ಮೀನಿನ ರುಚಿಯ ಬಗ್ಗೆ ಕಣ್ಣೀರು ತಂದುಕೊಂಡರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆರಿಗೆ ಮಸೂದೆ ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿತ್ತು. ಗ್ಯಾಲರಿಯ ಮುಂದಿನ ಸಾಲಿನಲ್ಲಿ ಎಲ್ಡ್ರಿಜ್‌ನ ಆರು ಜನ ಹೆಂಗಸರು ಹೆಣಿಗೆ ಹಿಡಿದುಕೊಂಡು ಕೂತಿದ್ದರು. ಬೆಳಗಿನ ಜಾವವೇ ಶಾಲೆಯ ಬಸ್ಸು ಹತ್ತಿ ಬಂದವರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಮೂರು ಮುಕ್ಕಾಲಿಗೆ ನಮ್ಮ ಮಸೂದೆ ಬಂತು. ಚರ್ಚೆ ಬಿಸಿ ಏರಿತು. ನಾಲ್ಕು ಇಪ್ಪತ್ತೆರಡಕ್ಕೆ ಮೇಜಿನ ಫೋನಿನ ಕೆಂಪು ದೀಪ ಮಿನುಗಿತು. ಆ ಫೋನು ಸದ್ದು ಮಾಡುವುದಿಲ್ಲ. ಎತ್ತಿದೆ.

"ವೆಲ್ಡಾ, ನಾನು ನೆಟ್ಟೀ." ಲೈಲ್‌ರ ಹೆಂಡತಿ. "ಆರ್ಡಿಸ್ ಪಕ್ಕದಲ್ಲಿದಾಳಾ?"

"ಇದಾಳೆ. ಕೊಡ್ಲಾ?"

"ಬೇಡ. ನೀನು ಸುಮ್ನೆ ಕೇಳಿಸ್ಕೋ. ಮುಖ ಹೇಗಿದ್ಯೋ ಹಾಗೇ ಇರ್ಲಿ. ಲೈಲ್ ಹೋಗ್ಬಿಟ್ಟ. ಹತ್ತು ನಿಮಿಷ ಆಯ್ತು. ಓಟಿಂಗ್ ಮುಗೀತಾ?"

"ಇಲ್ಲ. ಇನ್ನೇನು ಶುರುವಾಗುತ್ತೆ."

"ಹಾಗಾದ್ರೆ ಮುಗಿಯೋವರ್ಗೂ ಯಾರಿಗೂ ಹೇಳ್ಬೇಡ. ರೇಡಿಯೊದವನಿಗೆ ಆಗ್ಲೇ ವಾಸನೆ ಹತ್ತಿದೆ, ಇಲ್ಲೇ ಬಾಗಿಲಲ್ಲಿ ನಿಂತಿದಾನೆ. ಅವನು ನಿಮ್ಗೆ ಫೋನ್ ಮಾಡೇ ಮಾಡ್ತಾನೆ. ಎತ್ತಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು ನೆಟ್ಟೀ."

ಅವಳು ಅಳಲಿಲ್ಲ. ಫೋನಿಟ್ಟಳು. ನಾನು ರಿಸೀವರನ್ನು ಅದರ ಜಾಗದಲ್ಲಿಡದೆ ಮೆಲ್ಲಗೆ ಡ್ರಾಯರಿನೊಳಗೆ ಹಾಕಿ ಮುಚ್ಚಿದೆ. ನಮ್ಮ ನಿಯಮದಲ್ಲಿ ಜೋಡಿ ಎಂದರೆ ಬದುಕಿರುವ ಇಬ್ಬರು ಸದಸ್ಯರ ನಡುವಿನ ಮಾತು. ಒಬ್ಬ ತೀರಿಕೊಂಡರೆ ಇನ್ನೊಬ್ಬ ಬಿಡುಗಡೆಯಾದ. ಸುದ್ದಿ ಹೊರಬಿದ್ದರೆ ರಾಯ್ಸ್ ಟಿಂಡಲ್ ಎದ್ದು ‘ಇಲ್ಲ’ ಎನ್ನಬಹುದು, ಹದಿನೇಳಕ್ಕೆ ಹದಿನೇಳು, ನಮ್ಮೂರಿನ ವಾರ್ಡ್ ಹೋಯಿತು. ಸುದ್ದಿ ಒಂದು ಅರ್ಧ ಗಂಟೆ ನನ್ನ ಹೊಟ್ಟೆಯಲ್ಲಿದ್ದರೆ ವಾರ್ಡ್ ಉಳಿಯುತ್ತದೆ. ಇದರಲ್ಲಿ ಯೋಚನೆ ಮಾಡುವುದೇನಿತ್ತು? ನಾನು ಮಾಡಲಿಲ್ಲ.

ನಾಲ್ಕು ಮೂವತ್ತೊಂದಕ್ಕೆ ಅಧ್ಯಕ್ಷ ಕ್ರೋಸ್ಲಿ ಸುತ್ತಿಗೆ ಬಡಿದರು. "ಕಾರ್ಯದರ್ಶಿಗಳು ಹೆಸರು ಕರೆಯಲಿ." ಬಾಗಿಲುಗಳನ್ನು ಹಾಕಿದರು. ಹೆಸರು ಕೂಗಲು ತೊಡಗಿದ ಮೇಲೆ ಹೌದು, ಇಲ್ಲ ಎನ್ನುವ ಎರಡು ಮಾತು ಬಿಟ್ಟು ಮೂರನೆಯ ಮಾತಿಗೆ ಆ ಸಭೆಯಲ್ಲಿ ಜಾಗವಿಲ್ಲ.

"ಸೆನೆಟರ್ ಆಲ್ಸ್‌ಬರಿ."

"ಹೌದು."

"ಸೆನೆಟರ್ ಬ್ರೆಕ್."

"ಇಲ್ಲ."

ನಾನು ಗೀಟು ಹಾಕುತ್ತಾ ಹೋದೆ. ಆರನೆಯ ಹೆಸರಿನ ಹೊತ್ತಿಗೆ ಆರ್ಡಿಸ್‌ಳ ಕಣ್ಣು ಮೇಜಿನ ಮೇಲೆ ಸುಳಿದು ಹೋದದ್ದು ಕಂಡಿತು. ಫೋನಿನ ತಂತಿ ಡ್ರಾಯರಿನೊಳಗೆ ಹೋಗಿತ್ತಲ್ಲ, ಅದನ್ನು ನೋಡಿದಳು. ಏಳನೆಯ ಹೆಸರು ಕೂಗಿದಳು. ಎಂಟನೆಯದು ಕೂಗಿದಳು. ಆಮೇಲೆ ನನ್ನ ಮುಂದಿದ್ದ ಪ್ಯಾಡನ್ನು ನೋಡಿದಳು. ನಾನೂ ನೋಡಿದೆ.

ಹತ್ತೊಂಬತ್ತು ವರ್ಷ ಫೋನು ಎತ್ತಿದ ಕೈ ಅದು. ಎತ್ತಿದ ಕೂಡಲೇ ಗಡಿಯಾರ ನೋಡಿ ಗಂಟೆ, ನಿಮಿಷ, ಯಾರು ಎಂದು ಬರೆಯುವುದು ಅದಕ್ಕೆ ಅಭ್ಯಾಸ. ಬರೆಯಬಾರದು ಎಂದು ನಾನು ಯೋಚಿಸುವ ಮೊದಲೇ ಅದು ಬರೆದುಬಿಟ್ಟಿತ್ತು. ನನ್ನದೇ ದುಂಡು ಅಕ್ಷರದಲ್ಲಿ, ‘4.22, ನೆಟ್ಟೀ ಹಾಫ್ನರ್.’

ಕೂಗುವಾಗ ಮಾತ್ರ ಒತ್ತುವ ಗುಂಡಿ ಇತ್ತು ಆರ್ಡಿಸ್‌ಳ ಮೈಕಿಗೆ. ಹತ್ತನೆಯವನು ಉತ್ತರ ಕೊಟ್ಟ ಮೇಲೆ ಬೆರಳು ಎತ್ತಿ, ತುಟಿ ಅಲುಗಿಸದೆ ಕೇಳಿದಳು.

"ವೆಲ್ಡಾ. ಲೈಲ್ ಹೋದ್ನಾ?"

ನಾನು ಗೀಟು ಹಾಕುತ್ತಲೇ ಇದ್ದೆ.

"ಸೆನೆಟರ್ ಗ್ಯಾಡಿಸ್."

"ಇಲ್ಲ."

"ವೆಲ್ಡಾ."

ಇಲ್ಲ ಎನ್ನಬಹುದಿತ್ತು. ಆ ಸಭೆಯಲ್ಲಿ ಎಲ್ಲರೂ ಸಲೀಸಾಗಿ ಹೇಳುತ್ತಿದ್ದ ಮಾತು ಅದು. ಅವಳು ನನ್ನ ಕಡೆ ತಿರುಗಿ ನೋಡುತ್ತಿದ್ದಳು. ನಾನು "ಹೂಂ" ಅಂದೆ.

ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಹೆಬ್ಬೆರಳು ಮಾತ್ರ ಗುಂಡಿಯ ಮೇಲೆ ಇಳಿಯಲಿಲ್ಲ. ಹಾಗೆ ತಡೆದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಹತ್ತು ನಿಮಿಷ ಆರ್ಡಿಸ್" ಎಂದು ಪಿಸುಗುಟ್ಟಿದೆ. "ಹತ್ತೇ ನಿಮಿಷ. ನೆಟ್ಟೀನೇ ಹೇಳಿದಾಳೆ, ಯಾರಿಗೂ ಹೇಳ್ಬೇಡ ಅಂತ. ನೀನು ಕಟ್ಟಿಸಿದ ವಾರ್ಡು ಅದು. ಮೇಲೆ ನೋಡು, ನಮ್ಮವರು ಕೂತಿದಾರೆ."

"ಮುಂದಿನ ಹೆಸರು ಲೈಲ್‌ದು."

"ಕೂಗು. ಬರೀ ಹೆಸರು ತಾನೇ. ‘ಟಿಂಡಲ್ ಜೊತೆ ಜೋಡಿ’ ಅಂತ ಹೇಳಿ ಮುಂದಕ್ಕೆ ಹೋಗು."

"ಸತ್ತವನ ಹೆಸರು ಕೂಗ್ಲಾ?"

"ಯಾರಿಗೆ ಗೊತ್ತು ಅವ್ನು ಸತ್ತಿರೋದು?"

"ನಂಗೊತ್ತು."

ಸಭೆಯಲ್ಲಿ ತಲೆಗಳು ಏಳತೊಡಗಿದವು. ಆರ್ಡಿಸ್ ಹೆಸರುಗಳ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಮಾತ್ರ ನಿಲ್ಲುವವಳು, ಈಗ ನಿಂತೇಬಿಟ್ಟಿದ್ದಳು. ಯಾರೋ ಕೆಮ್ಮಿದರು. ಅಧ್ಯಕ್ಷರು ಕನ್ನಡಕದ ಮೇಲಿಂದ ಕೆಳಗೆ ನೋಡಿದರು. ಎಲ್ಡ್ರಿಜ್‌ನ ಹೆಂಗಸರ ಕೈಯಲ್ಲಿ ಹೆಣಿಗೆ ನಿಂತಿತ್ತು. ಕೂಗು, ಕೂಗು, ಪುಣ್ಯಾತ್ಗಿತ್ತಿ ಕೂಗು ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಮೇಜಿನ ಕೆಳಗೆ ಅವಳ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಅವಳು ಗುಂಡಿ ಒತ್ತಿದಳು.

"ಅಧ್ಯಕ್ಷರೇ, ಹನ್ನೆರಡನೆಯ ಹೆಸರನ್ನ ನಾನು ಕೂಗಲಾರೆ. ಸೆನೆಟರ್ ಹಾಫ್ನರ್ ತೀರಿಕೊಂಡಿದ್ದಾರೆ. ಸುದ್ದಿ ಈ ಮೇಜಿಗೆ ನಾಲ್ಕು ಇಪ್ಪತ್ತೆರಡಕ್ಕೆ ಬಂತು. ಹೆಸರು ಕರೆಯೋ ಮೊದಲೇ ತಿಳಿಸಬೇಕಾಗಿತ್ತು. ತಡವಾದದ್ದು ನನ್ನ ತಪ್ಪು."

ನನ್ನ ತಪ್ಪು ಎಂದಳು. ನನ್ನ ಕಡೆ ನೋಡಲೂ ಇಲ್ಲ. ನಾನು ಅವಳ ಮೊಣಕಾಲಿನಿಂದ ಕೈ ತೆಗೆದೆ.

ಎಲ್ಲರೂ ಎದ್ದು ನಿಂತರು. ಒಂದು ನಿಮಿಷ ಮೌನ. ಆ ನಿಮಿಷದಲ್ಲಿ ಮೂವತ್ತನಾಲ್ಕು ಜನವೂ ತಲೆ ತಗ್ಗಿಸಿಕೊಂಡೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದರು, ಅದು ಅವರ ಕುತ್ತಿಗೆ ನೋಡಿದರೇ ಗೊತ್ತಾಗುತ್ತಿತ್ತು. ರಾಯ್ಸ್ ಟಿಂಡಲ್ ಒಬ್ಬರೇ ತಲೆಯೆತ್ತಿ ಲೈಲ್‌ರ ಖಾಲಿ ಕುರ್ಚಿಯನ್ನು ನೋಡುತ್ತಿದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ನಿಯಮದಂತೆ ಜೋಡಿ ಮುರಿದಿದೆ, ಗಡುವು ಐದಕ್ಕೆ ಇರುವುದರಿಂದ ಮುಂದುವರಿಸಬೇಕು ಎಂದರು.

ಆರ್ಡಿಸ್ ಹದಿಮೂರನೆಯ ಹೆಸರು ಕೂಗಿದಳು. ಅದೇ ಎತ್ತರ, ಅದೇ ಅಳತೆ. ಅವಳ ಕಂಠ ನಡುಗಿದ್ದರೆ ನಾನು ಅವತ್ತೇ ಕ್ಷಮಿಸುತ್ತಿದ್ದೆನೋ ಏನೋ.

ಮೂವತ್ತನೆಯ ಹೆಸರು ಬಂತು.

"ಸೆನೆಟರ್ ಟಿಂಡಲ್."

ರಾಯ್ಸ್ ಎದ್ದರು. ಆರಡಿ ಮೂರಂಗುಲದ ಆಳು. "ಕೊನೆಗೆ ಕರೀರಿ" ಎಂದು ಕೂತರು. ಹಾಗೆ ಕೇಳುವ ಹಕ್ಕು ಇದೆ. ಉಳಿದ ಐವರು ಉತ್ತರ ಕೊಟ್ಟರು. ಪಟ್ಟಿಯನ್ನು ನಾನು ಎರಡು ಸಲ ಎಣಿಸಿದೆ. ಹದಿನೇಳು ಹೌದು, ಹದಿನಾರು ಇಲ್ಲ. ಗಡಿಯಾರದಲ್ಲಿ ನಾಲ್ಕು ಐವತ್ತೆರಡು. ರಾಯ್ಸ್ ತುಟಿ ಬಿಚ್ಚದೆ ಕೂತರೆ ಸಾಕು, ಮಸೂದೆ ಗೆದ್ದಿತು. ಈಗಲೂ.

"ಸೆನೆಟರ್ ಟಿಂಡಲ್."

ಅವರು ಎದ್ದು ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಆರ್ಡಿಸ್ ಅವರನ್ನು ಅವಸರಪಡಿಸಲಿಲ್ಲ, ಕಣ್ಣಿನಿಂದ ಕೇಳಿಕೊಳ್ಳಲೂ ಇಲ್ಲ. ನಾನು ಕೇಳಿಕೊಂಡೆ. ನಾಚಿಕೆಯಿಲ್ಲದೆ, ಇದ್ದ ಬದ್ದ ಕಣ್ಣೆಲ್ಲ ಬಿಟ್ಟುಕೊಂಡು ಅವರನ್ನೇ ನೋಡಿದೆ.

"ಇಲ್ಲ" ಎಂದರು ರಾಯ್ಸ್.

ಮೇಲಿನಿಂದ ಒಂದು ಹೆಣಿಗೆ ಕಡ್ಡಿ ಬಿದ್ದ ಸದ್ದು ಕೇಳಿತು. ಆರ್ಡಿಸ್ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು ಅಧ್ಯಕ್ಷರಿಗೆ ಕೊಟ್ಟಳು. ಹದಿನೇಳು, ಹದಿನೇಳು. ಮಸೂದೆ ಬಿದ್ದಿದೆ ಎಂದು ಸುತ್ತಿಗೆ ಬಡಿದರು.

ಸಭೆ ಚದುರಿದ ಮೇಲೆ ರಾಯ್ಸ್ ನಮ್ಮ ಮೇಜಿನ ಬಳಿ ಬಂದು ನಿಂತರು. ಕಣ್ಣು ಕೆಂಪಾಗಿತ್ತು.

"ನೀವು ಹತ್ತು ನಿಮಿಷ ಸುಮ್ನಿರಬಹುದಿತ್ತು ಆರ್ಡಿಸ್. ಲೈಲ್‌ಗೆ ಕೊಟ್ಟ ಮಾತು ಉಳಿಸ್ಕೋತಿದ್ದೆ. ಜೋಡಿ ಬಿಚ್ಚಿ ಬಿಟ್ಮೇಲೆ ನಮ್ಮ ಜನಕ್ಕೆ ಕೊಟ್ಟ ಮಾತು ಇತ್ತಲ್ಲ, ಏನು ಮಾಡ್ಲಿ?"

"ನೀವೂ ಒಂದು ನಿಮಿಷ ಸುಮ್ನಿರಬಹುದಿತ್ತು ಸೆನೆಟರ್" ಎಂದಳು ಆರ್ಡಿಸ್. ಕಾಗದಗಳನ್ನು ಜೋಡಿಸುತ್ತಾ ಹೇಳಿದಳು, ಸಿಟ್ಟಿನಿಂದಲ್ಲ. ಅವರು ಟೋಪಿಯನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಹೊರಟುಹೋದರು.

ಆ ಶುಕ್ರವಾರ ನಾನು ಅವಳ ಗಾಡಿಯಲ್ಲಿ ಊರಿಗೆ ಹೋಗಲಿಲ್ಲ. ಹತ್ತೊಂಬತ್ತು ವರ್ಷ ಜೊತೆಗೆ ಹೋಗಿ ಬಂದವರು, ನಾನು ಬಸ್ಸು ಹತ್ತಿದೆ. ಅವಳು ಕಾರಣ ಕೇಳಲಿಲ್ಲ.

ಆಗಸ್ಟ್ ಕೊನೆಗೆ ವಾರ್ಡ್ ಮುಚ್ಚಿತು. ಅನುಕೂಲ ಇದ್ದವರು ಹೆರಿಗೆಗೆ ಎರಡು ವಾರ ಮೊದಲೇ ರಾಜಧಾನಿಯಲ್ಲಿ ಕೋಣೆ ಹಿಡಿದರು. ಎಲ್ಲರಿಗೂ ಅದು ಆಗುವ ಮಾತಲ್ಲ. ಜನವರಿಯಲ್ಲಿ ಕಣಿವೆಯ ದಾರಿ ಮುಚ್ಚಿದ ದಿನ ಫರ್ನ್ ಓಡೆಗಾರ್ಡ್‌ಳ ಮಗು ಆಂಬುಲೆನ್ಸಿನಲ್ಲೇ ಹುಟ್ಟಿತು, ಉಳಿಯಲಿಲ್ಲ. ಆರ್ಡಿಸ್ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಪಾತ್ರೆ ಹಿಡಿದುಕೊಂಡು ಅವರ ಮನೆಗೆ ಹೋದಳು. ಫರ್ನ್‌ಳ ತಾಯಿ ಕಿಟಕಿಯಿಂದ ನೋಡಿ ಬಾಗಿಲು ತೆಗೆಯಲಿಲ್ಲ. ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಬಂದಳು. ಮೂರು ದಿನ ಬಿಟ್ಟು ಅದು ಅವಳ ಮೆಟ್ಟಿಲ ಮೇಲೆ ಬಂದು ಕೂತಿತ್ತು, ಮುಚ್ಚಳ ತೆಗೆಯದೆ, ಒಳಗಿನ ಊಟ ಕಲ್ಲಾಗಿ. ಇದನ್ನೆಲ್ಲ ಊರಲ್ಲಿ ಕೇಳಿದಾಗ ನನ್ನ ಒಳಗೆ ಒಂದು ಕೆಟ್ಟ ತೃಪ್ತಿ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅನುಭವಿಸಲಿ ಎಂದುಕೊಂಡೆ. ಅವಳ ಪಕ್ಕದಲ್ಲಿ ಇನ್ನೂ ಮೂರು ವರ್ಷ ಕೂತೆ. ಕೆಲಸದ ಮಾತು ಬಿಟ್ಟು ಒಂದು ಮಾತಾಡಲಿಲ್ಲ. ಅವಳು ಮಾತ್ರ ದಿನಾ ಬೆಳಗ್ಗೆ ನನ್ನ ಪೆನ್ಸಿಲನ್ನು ಕೆತ್ತಿ ಇಡುವುದನ್ನು ಬಿಡಲಿಲ್ಲ.

ಅವಳು ನಿವೃತ್ತಿಯಾದಾಗ ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಸಣ್ಣ ಬೀಳ್ಕೊಡುಗೆ ಇಟ್ಟರು. ಯಾರು ಬರುತ್ತಾರೋ ಇಲ್ಲವೋ ಎಂಬ ಅನುಮಾನ ಎಲ್ಲರಿಗೂ ಇತ್ತು. ನಾನು ಹೋಗಬಾರದು ಎಂದೇ ಇದ್ದೆ. ಅದನ್ನು ಹೇಳಿ ಹಗುರಾಗೋಣ ಎಂದು ನೆಟ್ಟೀ ಹಾಫ್ನರ್ ಮನೆಗೆ ಹೋದೆ. ನನ್ನ ಸಿಟ್ಟಿಗೆ ಇಡೀ ಊರಲ್ಲಿ ಜೊತೆಗಾತಿ ಇದ್ದರೆ ಅವಳೇ. ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಚೆರ್ರಿ ಪೈ ಒಲೆಯಿಂದ ಇಳಿಸುತ್ತಿದ್ದಾಳೆ.

"ಯಾರಿಗೆ?"

"ಆರ್ಡಿಸ್‌ಗೆ. ಇನ್ಯಾರಿಗೆ?"

"ಅವಳು ಮಾಡಿದ್ದಕ್ಕಾ?"

ನೆಟ್ಟೀ ಕೈ ಒರೆಸಿಕೊಂಡು ನನ್ನ ಎದುರು ಕೂತಳು. ಕಾಫಿ ಬಗ್ಗಿಸಿದಳು.

"ಅವಳೇನು ಮಾಡಿದ್ಲು? ಗೊತ್ತಾಯ್ತು, ಹೇಳಿದ್ಲು. ಗೊತ್ತಾದ್ರೆ ಹೇಳೇ ಹೇಳ್ತಾಳೆ ಅಂತ ಲೈಲ್‌ಗೆ ಗೊತ್ತಿತ್ತು. ಆವತ್ತು ಬೆಳಗ್ಗೆ ನನ್ನ ಕೈ ಹಿಡ್ಕೊಂಡು ಅದನ್ನೇ ಹೇಳಿದ. ‘ಏನಾದ್ರೂ ಆದ್ರೆ ಆರ್ಡಿಸ್ ಕಿವಿಗೆ ಹಾಕ್ಬೇಡ ನೆಟ್ಟೀ. ಅವಳನ್ನ ಆ ಕಷ್ಟಕ್ಕೆ ಸಿಕ್ಕಿಸ್ಬೇಡ. ವೆಲ್ಡಾಗೆ ಹೇಳು, ಅವಳು ಗಟ್ಟಿ ಹೆಂಗ್ಸು, ಹೊಟ್ಟೇಲಿ ಇಟ್ಕೋತಾಳೆ’ ಅಂದ. ಅದು ಬಿಟ್ಟು ಆಮೇಲೆ ಹೆಚ್ಚು ಮಾತಾಡ್ಲಿಲ್ಲ ಅವ್ನು."

ನಾನು ಬಟ್ಟಲು ಎತ್ತಿದವಳು ಹಾಗೇ ಹಿಡಿದುಕೊಂಡಿದ್ದೆ.

"ನಾನು ಹೇಳಿದ್ದು ನಿನ್ನೊಬ್ಬಳಿಗೇ ವೆಲ್ಡಾ" ಎಂದಳು ನೆಟ್ಟೀ, ತುಂಬ ಮೆದುವಾಗಿ. "ಮೂರು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಅವಳಿಗೆ ಹೇಗೆ ಗೊತ್ತಾಯ್ತು?"

ನಾನು ಬಟ್ಟಲನ್ನು ಕೆಳಗಿಟ್ಟು ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ. ನೆಟ್ಟೀ ಅದನ್ನು ನೋಡಿದಳು. ಮತ್ತೆ ಕೇಳಲಿಲ್ಲ. ಎದ್ದು ಪೈ ತಟ್ಟೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಕೋಟು ಹಾಕಿಕೊಂಡು, ತಟ್ಟೆಯನ್ನು ನನ್ನ ಕೈಗಿಟ್ಟಳು.

"ನಡಿ, ಹೊತ್ತಾಯ್ತು. ಗಟ್ಟಿಯಾಗಿ ಹಿಡ್ಕೋ, ಬಿಸಿ ಇದೆ ಅಂತ ಬಿಟ್ಬಿಡ್ಬೇಡ."